ಹಳೆಯ ಜೀಪಿನ ಸಮಪಾಲು

ಈ ಪುಟಗಳಲ್ಲಿ ಶಾಲೆಯ ನೆನಪುಗಳನ್ನೂ ಊರಿನ ಹಿರಿಯರ ಸಂಗತಿಗಳನ್ನೂ ಓದುತ್ತ ಬಂದವರಿಗೆ ಇಂದಿನ ವಿಷಯ ತುಸು ವಿಚಿತ್ರವೆನ್ನಿಸಬಹುದು. ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಂಡಿದ್ದ ಮೇಷ್ಟರಿಗೆ ಜೀಪಿನ ಹಿಂದಿನ ಆಕ್ಸಲಿನ ಉಸಾಬರಿ ಏಕೆ ಬಂತೆಂದು ನೀವು ಕೇಳಿದರೆ ಅದು ನ್ಯಾಯವೇ. ಉತ್ತರಕ್ಕಾಗಿ 2022ರ ಜುಲೈ ತಿಂಗಳ ಒಂದು ರಾತ್ರಿಯಿಂದ ಆರಂಭಿಸಬೇಕು.

ಹೊಸನಗರ ತಾಲ್ಲೂಕಿನ ನಮ್ಮ ಮೂಲಮನೆಯನ್ನು ಕಂಡವರಿಗೆ ಗೊತ್ತಿದೆ, ಮನೆ ಮತ್ತು ಅಡಿಕೆ ತೋಟ ಇರುವುದು ಕಣಿವೆಯ ತಳದಲ್ಲಿ. ಡಾಂಬರು ರಸ್ತೆ ಮುಟ್ಟಬೇಕಾದರೆ ಒಂದೂವರೆ ಕಿಲೋಮೀಟರು ಮಣ್ಣಿನ ಏರು ಹತ್ತಬೇಕು. ಎಡಕ್ಕೆ ಧರೆ, ಬಲಕ್ಕೆ ತೋಟದತ್ತ ಇಳಿಯುವ ಕೊಳ್ಳ. ಅಣ್ಣ ತೀರಿಕೊಂಡ ಮೇಲೆ ಅವನ ಮಗ ಅಲ್ಲಿದ್ದಾನೆ, ಜೊತೆಗೆ ಅತ್ತಿಗೆ. ಆ ರಾತ್ರಿ ನಾನೂ ಅಲ್ಲಿಯೇ ಇದ್ದೆ. ಒಂಬತ್ತು ಗಂಟೆಗೆ ಊಟ ಬಡಿಸುತ್ತಿದ್ದ ಅತ್ತಿಗೆಯ ಕೈಯಿಂದ ಸೌಟು ಜಾರಿತು. ಮಾತು ತೊದಲಿತು. ಲಕ್ವವೆಂದು ತಿಳಿಯಲು ಯಾರಿಗೂ ತಡವಾಗಲಿಲ್ಲ. ಅರ್ಧ ಗಂಟೆಯೊಳಗೆ ಅವರನ್ನು ಜೀಪಿನಲ್ಲಿ ಮಲಗಿಸಿ ಹೊರಟೆವು.

ಏರಿನ ನಡುವೆ ಜೀಪು ನಿಂತುಬಿಟ್ಟಿತು. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ; ಫೋರ್ ವೀಲ್ ಲಿವರು ಹಾಕಿಯೇ ಇತ್ತು. ಆದರೂ ಹಿಂದಿನ ಎಡಚಕ್ರ ಧರೆಯ ಬುಡದ ರಾಡಿಯಲ್ಲಿ ಗಿರಗಿರನೆ ತಿರುಗುತ್ತಿತ್ತು, ಮುಂದಿನ ಬಲಚಕ್ರ ಮಳೆ ಕೊರೆದ ಕೊರಕಲಿನ ಮೇಲೆ ಹೆಚ್ಚುಕಡಿಮೆ ಗಾಳಿಯಲ್ಲಿ ತಿರುಗುತ್ತಿತ್ತು. ಉಳಿದೆರಡು ಚಕ್ರಗಳು ಗಟ್ಟಿಯಾದ ಜಂಬಿಟ್ಟಿಗೆ ನೆಲದ ಮೇಲಿದ್ದವು, ಅವು ಮಾತ್ರ ಅಲುಗಾಡಲೊಲ್ಲವು. ಟಾರ್ಚು ಹಿಡಿದು ನಿಂತಿದ್ದ ನಾನು ಅದನ್ನು ಕಣ್ಣಾರೆ ಕಂಡೆ. ಸೋಗೆ ಹಾಕಿ, ಅಡಿಕೆ ದಬ್ಬೆ ತುರುಕಿ, ಕೊನೆಗೆ ಪಕ್ಕದ ಮನೆಯವರನ್ನು ಕೂಗಿ ಕರೆದು ಚಕ್ರಕ್ಕೆ ಸರಪಳಿ ಸುತ್ತಿ ಡಾಂಬರು ರಸ್ತೆ ಮುಟ್ಟುವಾಗ ಹನ್ನೆರಡು ಗಂಟೆ. ಶಿವಮೊಗ್ಗ ತಲುಪುವಾಗ ಎರಡು ಗಂಟೆ ದಾಟಿತ್ತು. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮಗೆ ಐದು ಗಂಟೆ ಮೀರಿತ್ತು. ಅತ್ತಿಗೆ ಉಳಿದರು. ಬಲಗೈ ಮಾತ್ರ ಮೊದಲಿನಂತಾಗಲಿಲ್ಲ.

ಗಟ್ಟಿ ನೆಲದ ಮೇಲಿದ್ದ ಆ ಎರಡು ಚಕ್ರಗಳು ಏಕೆ ತಿರುಗಲಿಲ್ಲ? ಗೇರು, ಸನ್ನೆ, ಬಲ ಎಂದು ವರ್ಷವರ್ಷವೂ ಪಾಠ ಮಾಡಿದ ನನಗೆ ಅಂದು ಉತ್ತರ ಗೊತ್ತಿರಲಿಲ್ಲ. ತಿಳಿದುಕೊಂಡದ್ದನ್ನು ಪಾಠದಂತೆಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಕ್ರಮಿಸಬೇಕು. ಎಷ್ಟು ಹೆಚ್ಚು? ಹಳೆಯ ಜೀಪುಗಳಲ್ಲಿ ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು ನಾಲ್ಕು ಅಡಿ. ಕಾಲು ಸುತ್ತಿನ ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 6.3 ಅಡಿ ಹೆಚ್ಚು ಓಡುತ್ತದೆ. ಹಿಂತಿರುಗುವಂತಹ ಅರ್ಧ ಸುತ್ತಿನ ತಿರುವಿನಲ್ಲಿ 12.6 ಅಡಿ. ತಿರುವು ದೊಡ್ಡದಿರಲಿ ಚಿಕ್ಕದಿರಲಿ ಈ ವ್ಯತ್ಯಾಸ ಅಷ್ಟೇ. ವೃತ್ತದ ಪರಿಧಿಯ ಸೂತ್ರ ಮರೆಯದವರು ಕಾಗದದ ಮೇಲೆ ಮಾಡಿ ನೋಡಬಹುದು. ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದರೆ ಯಾವುದಾದರೊಂದು ನೆಲಕ್ಕೆ ಉಜ್ಜಲೇಬೇಕು. ಈ ತೊಡಕನ್ನು ನಿವಾರಿಸುವುದೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತ 1820ರ ದಶಕದಲ್ಲೇ ಉಗಿಬಂಡಿಗಾಗಿ ಇದಕ್ಕೆ ಪೇಟೆಂಟು ಪಡೆದಿದ್ದ. ಕ್ರೌನ್ ವೀಲಿಗೆ ಬಿಗಿದ ಕೇಸಿನೊಳಗೆ ಎರಡು ಸನ್ ಗೇರು, ಅವುಗಳ ನಡುವೆ ಅಡ್ಡಪಿನ್ನಿನ ಮೇಲೆ ತಿರುಗುವ ಸ್ಟಾರ್ ಪಿನಿಯನ್ನುಗಳು; ಇಷ್ಟೇ ಅದರ ಸಂಸಾರ.

ಈ ಏರ್ಪಾಡಿನ ಗುಣವೆಂದರೆ ವೇಗ ಹೇಗೇ ಇರಲಿ, ತಿರುಗಿಸುವ ಬಲವನ್ನು ಎರಡೂ ಕಡೆಗೆ ಸಮಪಾಲು ಮಾಡುತ್ತದೆ. ದೋಷವೂ ಅದೇ. ರಾಡಿಯಲ್ಲಿರುವ ಚಕ್ರ ಐವತ್ತು ಪಾಲು ಬಲವನ್ನಷ್ಟೇ ತಡೆದುಕೊಳ್ಳಬಲ್ಲದು ಎನ್ನಿ. ಅದನ್ನು ಮೀರಿದರೆ ಜಾರಿ ತಿರುಗುತ್ತದೆ. ಆಗ ಕಲ್ಲಿನ ಮೇಲಿರುವ ಚಕ್ರ ಸಾವಿರ ಪಾಲು ತಾಳಬಲ್ಲದಾದರೂ ಅದಕ್ಕೆ ಸಿಗುವುದು ಐವತ್ತೇ. ಒಟ್ಟು ನೂರು. ಏರು ಹತ್ತಲು ನಾನೂರು ಬೇಕಿದ್ದರೆ ಗಾಡಿ ಅಲ್ಲಿಯೇ. ಫೋರ್ ವೀಲ್ ಲಿವರು ಮುಂದಿನ ಆಕ್ಸಲನ್ನೂ ಹಿಂದಿನ ಆಕ್ಸಲನ್ನೂ ಒಂದುಗೂಡಿಸುತ್ತದೆಯೇ ಹೊರತು ಒಂದೊಂದು ಆಕ್ಸಲಿನ ಒಳಗಿನ ಈ ಪಾಲನ್ನು ಮುಟ್ಟುವುದಿಲ್ಲ. ಮುಂದೊಂದು ಹಿಂದೊಂದು ಚಕ್ರ ಹಿಡಿತ ಕಳೆದುಕೊಂಡರೆ ನಾಲ್ಕು ಚಕ್ರದ ಗಾಡಿಯೂ ಸೋಲುತ್ತದೆ. ಆ ರಾತ್ರಿ ಆದದ್ದು ಅದು.

ಟ್ರ್ಯಾಕ್ಟರು ಓಡಿಸುವ ರೈತನಿಗೆ ಪರಿಹಾರ ಗೊತ್ತು. ಗದ್ದೆಯಲ್ಲಿ ಒಂದು ಗಾಲಿ ಹೂತರೆ ಡಿಫರೆನ್ಷಿಯಲ್ ಲಾಕಿನ ಪೆಡಲು ಒತ್ತುತ್ತಾನೆ, ಎರಡೂ ಗಾಲಿ ಒಂದಾಗಿ ಎದ್ದು ಬರುತ್ತವೆ. 2015ರಲ್ಲಿ ಹೊಸರೂಪ ಪಡೆದ ಥಾರ್ ಜೀಪಿನ ಹಿಂದಿನ ಆಕ್ಸಲಿಗೆ ಕಾರ್ಖಾನೆಯಲ್ಲೇ ಇಂತಹ ಲಾಕರು ಬಂತು. ನಮ್ಮದು ವಿಲ್ಲೀಸ್ ವಿನ್ಯಾಸದ ಹಳೆಯ ಮಹೀಂದ್ರಾ. ಹೊಸ ಜೀಪು ಕೊಳ್ಳುವ ಶಕ್ತಿ ಅಣ್ಣನ ಮಗನಿಗಿರಲಿಲ್ಲ. ಆಸ್ಪತ್ರೆಯ ಖರ್ಚು ಕಳೆದು ಅವನ ಕೈಯಲ್ಲಿ ಉಳಿದದ್ದು ನಲವತ್ತು ಸಾವಿರ. "ಚಿಕ್ಕಪ್ಪ, ಇಷ್ಟರಲ್ಲಿ ಏನಾಗುತ್ತೋ ನೀವೇ ನೋಡಿ ಹೇಳಿ" ಎಂದು ಆ ಕೆಲಸವನ್ನು ನನಗೆ ವಹಿಸಿದ.

ದಾರಿಗಳು ನಾಲ್ಕಿದ್ದವು. ಎಲ್ಲಕ್ಕಿಂತ ಅಗ್ಗದ್ದು ಒಳಗಿನ ಸ್ಟಾರ್ ಪಿನಿಯನ್ನುಗಳನ್ನು ವೆಲ್ಡಿಂಗ್ ಮಾಡಿಬಿಡುವುದು. ಆದರೆ ಅದು ಎಂದೆಂದಿಗೂ ಬಿಡದ ಲಾಕು; ಡಾಂಬರಿನ ತಿರುವಿನಲ್ಲಿ ಆ 12.6 ಅಡಿಯನ್ನು ಟೈರು ಉಜ್ಜಿಕೊಂಡೇ ತೀರಿಸಬೇಕು, ಇಲ್ಲವೇ ಆಕ್ಸಲು ಮುರಿಯಬೇಕು. ಎರಡನೆಯದು ಲಿಮಿಟೆಡ್ ಸ್ಲಿಪ್. ಒಳಗಿನ ಕ್ಲಚ್ ಪ್ಲೇಟುಗಳ ಉಜ್ಜುವಿಕೆಯಿಂದ ಹಿಡಿತವಿರುವ ಚಕ್ರಕ್ಕೆ ಸ್ವಲ್ಪ ಹೆಚ್ಚು ಬಲ ಕೊಡುತ್ತದೆ. ರಸ್ತೆಗೆ ಸಾಧು, ಆದರೆ ಒಂದು ಚಕ್ರ ಪೂರ್ತಿ ತೇಲಿದಾಗ ಸಾಲದು, ಪ್ಲೇಟುಗಳು ಸವೆಯುತ್ತವೆ ಕೂಡ. ಮೂರನೆಯದು ಗಾಳಿಯ ಒತ್ತಡದಿಂದ ಬೇಕೆಂದಾಗ ಮಾತ್ರ ಬೀಳುವ ಲಾಕರು. ಸ್ವಿಚ್ಚು ಒತ್ತಿದರೆ ಬಿಗಿ, ಬಿಟ್ಟರೆ ಸಡಿಲ, ಶ್ರೇಷ್ಠವಾದದ್ದು. ಅದಕ್ಕೆ ಕಂಪ್ರೆಸರು ಬೇಕು, ಇಡೀ ಕೇಸು ಬದಲಾಯಿಸಿ ಕ್ರೌನ್ ಪಿನಿಯನ್ನಿನ ಹೊಂದಾಣಿಕೆಯನ್ನು ಮೊದಲಿನಿಂದ ಮಾಡಬೇಕು. ನಮ್ಮ ನಲವತ್ತು ಸಾವಿರಕ್ಕೆ ಅದು ಎಟುಕುವಂತಿರಲಿಲ್ಲ.

ನಾಲ್ಕನೆಯದು ಅಮೆರಿಕದವರು ಊಟದ ಡಬ್ಬಿಯ ಲಾಕರು ಎಂದು ಕರೆಯುವ ಸಾಧನ. ಪೆಟ್ಟಿಗೆ ಅಷ್ಟೇ ಗಾತ್ರದ್ದು. ಮೂಲ ಕೇಸು, ಕ್ರೌನ್ ಪಿನಿಯನ್ ಹಾಗೆಯೇ ಇರುತ್ತವೆ. ಒಳಗಿನ ಸನ್ ಮತ್ತು ಸ್ಟಾರ್ ಗೇರುಗಳನ್ನು ತೆಗೆದು ಅವುಗಳ ಜಾಗದಲ್ಲಿ ಪರಸ್ಪರ ಕಚ್ಚಿಕೊಳ್ಳುವ ಹಲ್ಲಿನ ತುಂಡುಗಳನ್ನೂ ಸಣ್ಣ ಸ್ಪ್ರಿಂಗುಗಳನ್ನೂ ಕೂರಿಸಬೇಕು. ಎಂಜಿನು ಎಳೆಯುವಾಗ ಎರಡೂ ಚಕ್ರ ಒಂದಾಗಿ ತಿರುಗುತ್ತವೆ. ತಿರುವಿನಲ್ಲಿ ಹೊರಚಕ್ರ ಮುಂದೋಡಬಯಸಿದಾಗ ಆ ಕಡೆಯ ಹಲ್ಲು ಕಟಕಟನೆ ಜಾರಿ ಬಿಟ್ಟುಕೊಡುತ್ತದೆ. ಆಮದು ಸುಂಕವೂ ಸೇರಿ ಮೂವತ್ತು ಸಾವಿರದ ಆಸುಪಾಸು. ಇದೇ ಸರಿಯೆಂದು ನಿರ್ಧರಿಸಿದೆ. ವಾಹನದ ಮಾರ್ಪಾಡಿನ ಬಗ್ಗೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಟ್ಟುನಿಟ್ಟಾದುದರಿಂದ, ಮುಂದುವರಿಯುವ ಮೊದಲು ಆರ್‌.ಟಿ.ಓ. ಕಚೇರಿಯಲ್ಲಿ ವಿಚಾರಿಸಿದ್ದೂ ಆಯಿತು. ನೀವೂ ಮೊದಲು ವಿಚಾರಿಸಿ.

ಇಷ್ಟೆಲ್ಲ ಓದಿ, ಟಿಪ್ಪಣಿ ಮಾಡಿ, ಹಿಂದಿನ ಆಕ್ಸಲು ಡಾನಾ 44 ಮಾದರಿಯದೆಂದು ಗುರುತಿಸಿ, ಅದೇ ಹೆಸರಿನ ಲಾಕರು ತರಿಸಿದೆ. 2023ರ ಜನವರಿಯಲ್ಲಿ ಪೆಟ್ಟಿಗೆ ಬಂತು. ಅದನ್ನು ಹಿಡಿದುಕೊಂಡು ಪೇಟೆಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯ ಬಳಿಗೆ ಹೋದೆವು. ಅವನ ಹೆಸರು ಹೇಳುವುದಿಲ್ಲ. ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಗಣಿತದಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ ಓದು ಬಿಟ್ಟವನು. "ನಿನಗೆ ಎಣಿಸುವುದಕ್ಕೂ ಬರುವುದಿಲ್ಲವೇನೋ" ಎಂದು ತರಗತಿಯ ಎದುರು ನಾನು ಗದರಿಸಿದ್ದು ನನಗೆ ನೆನಪಿತ್ತು. ಅವನಿಗೂ ಇದ್ದಿರಬೇಕು.

ಪೆಟ್ಟಿಗೆ ತೆರೆದು ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಿದ. "ಸಾರ್, ಆಕ್ಸಲಿನ ಸ್ಪ್ಲೈನು ಎಣಿಸಿದ್ರಾ?" ಎಂದ.

ಇಲ್ಲವೆಂದೆ. ಡಾನಾ 44 ಎಂದರೆ ಸಾಕೆಂದು ಭಾವಿಸಿದ್ದೆ. ಅವನು ಏನೂ ಹೇಳದೆ ಹಬ್ ಪುಲ್ಲರು ಹಾಕಿ, ಡ್ರಮ್ಮು ಕಳಚಿ, ಆಕ್ಸಲು ಸರಳನ್ನು ಹೊರಗೆಳೆದು, ಬಟ್ಟೆಯಿಂದ ಒರೆಸಿ ನನ್ನ ಮುಂದಿಟ್ಟ. ನಾನೇ ಎಣಿಸಿದೆ: 19. ತರಿಸಿದ ಲಾಕರಿನಲ್ಲಿ 30. ಅದೇ ಹೆಸರಿನ ಆಕ್ಸಲಿನಲ್ಲಿ ಹಳೆಯದಕ್ಕೂ ಹೊಸದಕ್ಕೂ ಈ ಭೇದವಿದೆ. ಅಳೆಯದೆ ಉತ್ತರ ಬರೆಯಬೇಡಿ ಎಂದು ಎಷ್ಟು ಮಕ್ಕಳ ಪ್ರಯೋಗದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೋ! ವಾಪಸು ಕಳಿಸಿ ಸರಿಯಾದುದನ್ನು ತರಿಸುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಹೋಗಿ ಬರುವ ಸಾಗಣೆಯ ಹಣ ನಾನು ಕೊಟ್ಟೆ.

ಅವನು ಕೇಳಿದ ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು. "ಸಾರ್, ಆ ಏರಿನ ಮಧ್ಯೆ ರಸ್ತೆ ಕೊಳ್ಳದ ಕಡೆಗೆ ವಾಲಿದೆ ಅಲ್ವಾ?" ವಾಲಿರುವುದು ನಿಜ. ಒಂದು ಚಕ್ರ ಜಾರಿದಾಗ ಇನ್ನೊಂದು ಸುಮ್ಮನೆ ನಿಂತಿರುವುದರಿಂದ ಒಂದು ಉಪಕಾರವೂ ಇದೆಯಂತೆ: ನಿಂತ ಚಕ್ರ ಗೂಟದಂತೆ ನೆಲ ಹಿಡಿದುಕೊಂಡಿರುತ್ತದೆ. ಲಾಕರು ಹಾಕಿದ ಮೇಲೆ ಎರಡೂ ಒಟ್ಟಿಗೆ ಜಾರಿದರೆ ಗಾಡಿಯ ಹಿಂಭಾಗ ತಗ್ಗಿನತ್ತ ಸರಿಯುತ್ತದೆ. ನಮ್ಮಲ್ಲಿ ತಗ್ಗೆಂದರೆ ಕೊಳ್ಳ. ಹಾಗಾದರೆ ಲಾಕರನ್ನು ಮುಂದಿನ ಆಕ್ಸಲಿಗೆ ಹಾಕೋಣವೇ ಎಂದೆ. ಏರು ಹತ್ತುವಾಗ ಭಾರ ಬೀಳುವುದು ಹಿಂದಿನ ಚಕ್ರಗಳ ಮೇಲೆ, ಮುಂದೆ ಹಾಕಿದರೆ ಸ್ಟಿಯರಿಂಗೂ ಬಿಗಿಯಾಗುತ್ತದೆ ಎಂದ. ಹಿಂದಕ್ಕೇ ಹಾಕೋಣ, ಆದರೆ ಮೊದಲು ರಸ್ತೆ ನೇರ್ಪು ಮಾಡಿಸಿ ಎಂಬುದು ಅವನ ತೀರ್ಮಾನ. ಲಾಕರು ಬರುವುದರೊಳಗೆ ಅಣ್ಣನ ಮಗ ಕೊಳ್ಳದ ಬದಿಗೆ ಕಲ್ಲು ಕಟ್ಟಿ, ಜಂಬಿಟ್ಟಿಗೆ ಚೂರು ತುಂಬಿ ಆ ವಾಲಿಕೆಯನ್ನು ತೆಗೆದ. ಧರೆಯ ಬುಡದಲ್ಲಿ ಚರಂಡಿಯನ್ನೂ ಬಿಡಿಸಿದ.

ಮಾರ್ಚಿನ ಒಂದು ಭಾನುವಾರ ಜೋಡಣೆ ನಡೆಯಿತು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಣ್ಣೆ ಇಳಿಸಿ, ಹಿಂದಿನ ಮುಚ್ಚಳ ಬಿಚ್ಚಿದ. ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಲೋಹದ ಚೂರಿದೆಯೇ ನೋಡಿದ. ಎರಡು ಬದಿಯ ಶಿಮ್ಮುಗಳನ್ನು ಬೇರೆ ಬೇರೆ ತಂತಿಯಲ್ಲಿ ಪೋಣಿಸಿಟ್ಟ, ಅದಲುಬದಲಾಗಬಾರದೆಂದು. ಅಡ್ಡಪಿನ್ನು ತೆಗೆದು ಹಳೆಯ ಗೇರುಗಳನ್ನು ಹೊರಗಿಟ್ಟು ಹೊಸ ತುಂಡುಗಳನ್ನು ಕೂರಿಸಿದ; ಸ್ಪ್ರಿಂಗುಗಳು ಹಾರಿಹೋಗದಂತೆ ಗ್ರೀಸು ಹಚ್ಚಿ ಹಿಡಿಸಿದ. ಆಮೇಲೆ ಫೀಲರ್ ಗೇಜಿನಿಂದ ನಡುವಿನ ಸಂದನ್ನು ಅಳೆದು, ಸೂಚನಾಪತ್ರದ ಮಿತಿಯೊಳಗಿದೆಯೇ ಎಂದು ನನ್ನಿಂದ ಓದಿಸಿದ. ಹಳೆಯ ಕೇಸು ಸವೆದಿದ್ದರೆ ಈ ಸಂದು ಹೆಚ್ಚಾಗಿ ಹಲ್ಲು ಪೂರ್ತಿ ಕಚ್ಚದೆ ಮುರಿಯುತ್ತದೆ. ಮೂರು ಕಡೆ ಅಳೆದ. ನಾನು ಮೂರು ಸಲ ಓದಿ ಹೇಳಿದೆ.

ಕೊನೆಯಲ್ಲಿ ಪರೀಕ್ಷೆ. ಗಾಡಿಯನ್ನು ಗೇರಿನಲ್ಲಿಟ್ಟು, ಒಂದು ಚಕ್ರವನ್ನು ನಾನು ಮುಂದಕ್ಕೆ ತಿರುಗಿಸಿ ಬಿಗಿಹಿಡಿದೆ. ಇನ್ನೊಂದನ್ನು ಅವನು ಮುಂದಕ್ಕೆ ತಿರುಗಿಸಿದಾಗ ಅಲುಗಲಿಲ್ಲ, ಹಿಂದಕ್ಕೆ ತಿರುಗಿಸಿದಾಗ ಕಟಕಟನೆ ಸಲೀಸಾಗಿ ತಿರುಗಿತು. ಆಮೇಲೆ ಪಕ್ಕ ಬದಲಾಯಿಸಿ ಇನ್ನೊಮ್ಮೆ. "ಪಾಸು ಸಾರ್" ಎಂದು ನಕ್ಕ. ಅಂದು ಗದರಿಸಿದ್ದಕ್ಕೆ ಈಗಲಾದರೂ ಕ್ಷಮೆ ಕೇಳಬೇಕೆನ್ನಿಸಿ ಬಾಯಿ ತೆರೆದೆ. "ಟೀ ಆರುತ್ತೆ ಕುಡೀರಿ ಸಾರ್" ಎಂದು ಮುಚ್ಚಳದ ಬೋಲ್ಟು ಬಿಗಿಯಲು ಗಾಡಿಯ ಕೆಳಗೆ ಹೋದ.

ಅಣ್ಣನ ಮಗನಿಗೆ ಅವನು ಹೇಳಿದ ಪಥ್ಯ ಮೂರು. ಹಿಂದಿನ ಎರಡೂ ಟೈರು ಒಂದೇ ಅಳತೆಯವು, ಒಂದೇ ಗಾಳಿಯವು ಇರಬೇಕು, ಇಲ್ಲವಾದರೆ ನೇರ ರಸ್ತೆಯಲ್ಲೂ ಹಲ್ಲು ಜಾರುತ್ತಲೇ ಇರುತ್ತದೆ. ಬಿಗಿ ತಿರುವಿನಲ್ಲಿ ಆಕ್ಸಿಲರೇಟರು ಒತ್ತಬಾರದು. ಮಳೆಯ ಡಾಂಬರಿನಲ್ಲಿ ನಿಧಾನ.

2023ರ ಮಳೆಗಾಲ ಕೈಕೊಟ್ಟಿತು, ಪರೀಕ್ಷೆಯೇ ಆಗಲಿಲ್ಲ. 2024ರ ಜುಲೈನಲ್ಲಿ ಮಳೆ ಹಿಡಿದು ಹೊಡೆಯಿತು. ಅತ್ತಿಗೆಯನ್ನು ತಪಾಸಣೆಗೆ ಶಿವಮೊಗ್ಗಕ್ಕೆ ಕರೆದೊಯ್ಯಬೇಕಿತ್ತು, ನಾನೂ ಜೊತೆಗಿದ್ದೆ. ಅದೇ ಏರು, ಅದೇ ಜಾಗ. ಎಡಚಕ್ರ ರಾಡಿಗಿಳಿದು ಒಂದರೆಗಳಿಗೆ ಜಾರಿತು. ನನ್ನ ಕೈ ಎದುರಿನ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಬಲಚಕ್ರ ಕಲ್ಲು ಕಚ್ಚಿತು, ಜೀಪು ಸಾವಕಾಶವಾಗಿ ಮೇಲೇರಿತು. ಮುಂದಿನ ತಿರುವಿನಲ್ಲಿ ಹಿಂದಿನಿಂದ ಕಟಕಟ ಶಬ್ದ ಕೇಳಿ ಅತ್ತಿಗೆ, "ಏನೋ ಅದು, ಗಾಡಿ ಹಾಳಾಯ್ತಾ?" ಎಂದು ಮಗನನ್ನು ಕೇಳಿದರು. ಇಲ್ಲಮ್ಮ, ಸರಿಯಿದೆ ಎಂದ. ಅವರು ಎಡಗೈಯಿಂದ ಸೆರಗು ಸರಿಪಡಿಸಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು.

ಎರಡು ವರ್ಷ ಮೊದಲೇ ಇದನ್ನು ಮಾಡಿದ್ದರೆ ಎಂಬ ಮಾತು ನಮ್ಮ ಮೂವರ ಮನಸ್ಸಿನಲ್ಲೂ ಇರುವುದರಿಂದ ಯಾರೂ ಅದನ್ನು ಆಡುವುದಿಲ್ಲ. ಮಲೆನಾಡಿನಲ್ಲಿ ಇಂತಹ ಏರುಗಳ ಕೆಳಗೆ ಮನೆಯಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮಳೆಗಾಲ ಬರುವುದಕ್ಕೆ ಮೊದಲು ರಸ್ತೆಯ ವಾಲಿಕೆ ನೋಡಿಕೊಳ್ಳಿ, ಆಮೇಲೆ ಆಕ್ಸಲಿನ ವಿಚಾರ ಮಾಡಿ. ಮಾಡುವಾಗ ನಿಮ್ಮ ಮೇಷ್ಟರಂತೆ ಹೆಸರು ಓದಿ ಸುಮ್ಮನಾಗಬೇಡಿ. ಕಳಚಿ, ಒರೆಸಿ, ಎಣಿಸಿ.