ಫೋರ್ಟಿನ ಪೀಠ, ಗಂಗಾಮೂಲದ ದನಿ

ಮುಲುಂಡ್ ಎಂದರೆ ಮುಂಬಯಿಯ ಅಂಚು. ಅಲ್ಲಿಂದಾಚೆ ಠಾಣೆ ಶುರು. ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಬೋರಿಬಂದರಿನಿಂದ ಹೊರಟು ಠಾಣೆ ಮುಟ್ಟಿದ್ದು ಇದೇ ಮಾರ್ಗದಲ್ಲಿ. ನಾನು ಅದೇ ಹಾದಿಯನ್ನು ತಿರುಗುಮುರುಗಾಗಿ ಹಿಡಿದೆ. ಬೆಳಗಿನ ಲೋಕಲ್‌ನಲ್ಲಿ ಭಾಂಡುಪ್, ವಿಕ್ರೋಲಿ, ಘಾಟ್ಕೋಪರ್ ದಾಟಿ ಸಿಎಸ್‌ಎಂಟಿಯಲ್ಲಿ ಇಳಿದು, ಡಿ.ಎನ್. ರಸ್ತೆಯ ಕಮಾನುಗಳ ಕೆಳಗೆ ನಡೆದು, ಹುತಾತ್ಮ ಚೌಕದ ಬಳಿ ಎಡಕ್ಕೆ ಹೊರಳಿದರೆ ಎದುರಿಗೆ ನಿಲ್ಲುತ್ತದೆ ಸೇಂಟ್ ಥಾಮಸ್ ಕೆಥೆಡ್ರಲ್. ಒಂದು ಕಾಲಕ್ಕೆ ಮುಂಬಯಿಯ ದೂರಗಳನ್ನೆಲ್ಲ ಈ ಚರ್ಚಿನಿಂದಲೇ ಅಳೆದು ಮೈಲಿಗಲ್ಲು ನೆಡುತ್ತಿದ್ದರು. ಕೋಟೆಗೋಡೆಯಲ್ಲಿ ಇದರ ಕಡೆಗಿದ್ದ ಬಾಗಿಲೇ ಚರ್ಚ್‌ಗೇಟ್. ಕೋಟೆ ಹೋಯಿತು, ಬಾಗಿಲು ಹೋಯಿತು, ಹೆಸರು ಮಾತ್ರ ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡು ಉಳಿಯಿತು.

ಅಂಗಳದಲ್ಲಿ ಒಂದು ಕಾರಂಜಿ. ಅದಕ್ಕೆ ಹಣ ಕೊಟ್ಟವರು ಪಾರಸಿ ದಾನಿ ಕಾವಸ್‌ಜಿ ಜಹಾಂಗೀರ್. ಒಳಗೆ ಕಾಲಿಟ್ಟರೆ ಬಿಳಿ ಕಂಬಗಳ ಸಾಲು, ಬಣ್ಣದ ಗಾಜಿನಿಂದ ಇಳಿಯುವ ಬೆಳಕು, ಗೋಡೆಯ ತುಂಬ ಅಮೃತಶಿಲೆಯ ಸ್ಮಾರಕಗಳು. ಇಷ್ಟು ಭವ್ಯವಾದ ಕಟ್ಟಡ ನಾಲ್ಕು ದಶಕ ಅರ್ಧಕ್ಕೇ ನಿಂತಿತ್ತು ಎಂದರೆ ನಂಬುವುದು ಕಷ್ಟ. 1676ರಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರ್ ಕೆಲಸ ಆರಂಭಿಸಿದ. ಮರುವರ್ಷವೇ ಸೂರತ್ತಿನಲ್ಲಿ ತೀರಿಕೊಂಡ. ಬರೀ ಗೋಡೆಗಳು ಮಳೆಗಾಲಗಳನ್ನು ಎಣಿಸುತ್ತ ನಿಂತವು. ಆಮೇಲೆ ಬಂದ ಪಾದ್ರಿ ರಿಚರ್ಡ್ ಕಾಬ್ ಪಟ್ಟು ಹಿಡಿದು ಚಂದಾ ಎತ್ತಿ, 1718ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಸಿದ.

ಆಗ ಇದು ಕಂಪನಿ ಸರ್ಕಾರದ ಚರ್ಚು, ಬಿಷಪ್ಪರ ಪೀಠವಲ್ಲ. 1814ರಲ್ಲಿ ಕಲ್ಕತ್ತಾಕ್ಕೆ ಬಿಷಪ್ಪರು ಬಂದಾಗ ಮುಂಬಯಿಯೂ ಅವರ ಸುಪರ್ದಿಗೇ ಸೇರಿತು. 1837ರಲ್ಲಿ ಮುಂಬಯಿಗೆ ಪ್ರತ್ಯೇಕ ಸಭಾಪ್ರಾಂತವಾಗಿ, ಥಾಮಸ್ ಕಾರ್ ಮೊದಲ ಬಿಷಪ್ ಆದರು. ಬಿಷಪ್ಪರು ಕೂರುವ ಪೀಠ ಇಲ್ಲಿಗೆ ಬಂದದ್ದರಿಂದ ಸೇಂಟ್ ಥಾಮಸ್ ಕೆಥೆಡ್ರಲ್ ಆಯಿತು. ಆ ಸಭಾಪ್ರಾಂತದ ಹರವು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮುಲುಂಡಿನ ಗದ್ದೆ ಬಯಲಷ್ಟೇ ಅಲ್ಲ, ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಬೆಳಗಾವಿ, ಧಾರವಾಡಗಳ ಆಂಗ್ಲಿಕನ್ ಸಭೆಗಳಿಗೂ ಇದೇ ಪೀಠ. ಬೆಳಗಾವಿ ಕ್ಯಾಂಪಿನ ಸೇಂಟ್ ಮೇರೀಸ್ ಚರ್ಚು 1860ರ ದಶಕದಲ್ಲಿ ಎದ್ದದ್ದು ಈ ಪೀಠದ ಆಡಳಿತದಲ್ಲೇ.

ಗವರ್ನರ್ ಜೊನಾಥನ್ ಡಂಕನ್ ಸ್ಮಾರಕದ ಎದುರು ನಾನು ಬಹಳ ಹೊತ್ತು ನಿಂತೆ. ಆಲದ ಮರ, ಕೃತಜ್ಞತೆಯ ಭಂಗಿಯಲ್ಲಿ ಕೆತ್ತಿದ ಆಕೃತಿಗಳು, ಬನಾರಸ್ ಮತ್ತು ಕಾಠಿಯಾವಾಡದಲ್ಲಿ ಶಿಶುಹತ್ಯೆ ನಿಲ್ಲಿಸಿದ್ದರ ಉಲ್ಲೇಖ. ಹುಟ್ಟಿದ ಹೆಣ್ಣುಕೂಸುಗಳನ್ನು ಉಳಿಸಲು ಹೆಣಗಿದವನ ನೆನಪು ಅದು. ಆ ಕಲ್ಲನ್ನು ನೋಡುತ್ತ ನನ್ನ ಮನಸ್ಸು ಚಿಕ್ಕಮಗಳೂರಿನ ಕಾಡಿಗೆ ಹಾರಿತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಈ ಪೀಠದೊಂದಿಗೇ ವಾದಕ್ಕೆ ನಿಂತಿದ್ದಳು. ಪಂಡಿತಾ ರಮಾಬಾಯಿ!

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದ ರಮಾಬಾಯಿ, ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿಗೆ ಸೇರಿದರು. ಆಕೆ ಗಂಡಸರಿಗೂ ಭಾರತೀಯ ಭಾಷೆಗಳ ಪಾಠ ಹೇಳಬಹುದೆಂಬ ಯೋಚನೆ ಬಂದಾಗ, ಮುಂಬಯಿಯ ಬಿಷಪ್ ಲೂಯಿ ಜಾರ್ಜ್ ಮಿಲ್ನ್ ಮತ್ತು ಲಾಹೋರಿನ ಬಿಷಪ್ ಇಬ್ಬರೂ ಬೇಡವೆಂದರು. ಗಂಡಸರಿಗೆ ಪಾಠ ಹೇಳಿದವಳೆಂದರೆ ಭಾರತದಲ್ಲಿ ಆಕೆಯ ಮಾತಿಗೆ ಬೆಲೆ ಇರುವುದಿಲ್ಲ ಎಂಬ ಅಂಜಿಕೆ. ತಂದೆತಾಯಿಯರಿಂದ ಸಂಸ್ಕೃತ ಕಲಿತು, ಊರೂರು ಅಲೆದು, ತುಂಬಿದ ಸಭೆಗಳಲ್ಲಿ ಗಂಡಸರ ಮುಂದೆ ನಿಂತು ಮಾತಾಡಿದವರು ರಮಾಬಾಯಿ. ಈ ಅಡ್ಡಿಯನ್ನು ಅವರು ಸುಮ್ಮನೆ ನುಂಗಿಕೊಳ್ಳಲಿಲ್ಲ. ತಮ್ಮ ಮನಸ್ಸಾಕ್ಷಿಯ ನಿರ್ಧಾರವನ್ನು ಬೇರೆಯವರು ತೆಗೆದುಕೊಳ್ಳಲು ಬಿಡಲಿಲ್ಲ. 1889ರಲ್ಲಿ ಮುಂಬಯಿಗೇ ಬಂದು, ಚೌಪಾಟಿಯಲ್ಲಿ ವಿಧವೆಯರ ಓದಿಗೆ ಶಾರದಾ ಸದನ ತೆರೆದರು. ಆಗಲೂ ಮಿಲ್ನ್ ಅವರೇ ಪೀಠದಲ್ಲಿದ್ದರು.

ಇಂಥ ದನಿಗಳಿಗೆ ಪೀಠ ತಡವಾಗಿಯಾದರೂ ಕಿವಿಗೊಟ್ಟಿತು ಎಂಬುದೇ ಈ ಚರ್ಚಿನ ಚರಿತ್ರೆಯಲ್ಲಿ ನನಗೆ ಕಂಡ ದೊಡ್ಡ ಬೆರಗು. 1908ರಿಂದ 1929ರವರೆಗೆ ಬಿಷಪ್ ಆಗಿದ್ದ ಎಡ್ವಿನ್ ಪಾಮರ್, ಪಂಗಡಗಳಾಗಿ ಒಡೆದ ಸಭೆಗಳು ಒಂದಾಗಬೇಕೆಂದು ದುಡಿದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, ಹುಟ್ಟಿದ್ದರ ಹಿಂದೆ ಅವರ ಚಿಂತನೆಯೂ ಇತ್ತು. ಅಷ್ಟರಲ್ಲಿ 1930ರಲ್ಲೇ ಭಾರತದ ಆಂಗ್ಲಿಕನ್ ಸಭೆ ಬ್ರಿಟಿಷ್ ಸರ್ಕಾರದ ಹಿಡಿತದಿಂದ ಬಿಡಿಸಿಕೊಂಡಿತ್ತು. ಸ್ವಾತಂತ್ರ್ಯ ಬಂದ ವರ್ಷವೇ ಮುಂಬಯಿಯ ಬಿಷಪ್ ಆದ ವಿಲಿಯಂ ಲ್ಯಾಶ್, ಪುಣೆಯ ಕ್ರಿಸ್ತ ಪ್ರೇಮ ಸೇವಾ ಸಂಘದ ಆಶ್ರಮದ ಆಚಾರ್ಯರು. ಕಂಪನಿಯ ಗವರ್ನರ್ ಅಡಿಪಾಯ ಹಾಕಿದ ಚರ್ಚಿನ ಪೀಠಕ್ಕೆ ಆಶ್ರಮವಾಸಿಯೊಬ್ಬರು ಬಂದು ಕೂತರು.

1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಸಭೆಗಳು ಕೂಡಿ ಉತ್ತರ ಭಾರತ ಸಭೆಯಾದಾಗ ಮುಂಬಯಿ ಸಭಾಪ್ರಾಂತವೂ ಅದರಲ್ಲಿ ಸೇರಿತು. ಆ ಆರರಲ್ಲಿದ್ದ ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಬ್ರೆದ್ರನ್ ಪಂಗಡದವರು ಒಂದೇ ಸಭೆಯವರಾದರು. ಈಗ ಸಭಾಪ್ರಾಂತದ ಕೌನ್ಸಿಲ್‌ನಲ್ಲಿ ಪಾದ್ರಿಗಳ ಜತೆಗೆ ಸಾಮಾನ್ಯ ಸಭಿಕರೂ ಕೂತು ಮಾತಾಡುತ್ತಾರೆ.

ಮುಂಬಯಿಗೆ ಹೋಗುವ ಕನ್ನಡಿಗರು ಗೇಟ್‌ವೇ, ಮರೀನ್ ಡ್ರೈವ್ ನೋಡಿ ಬರುತ್ತಾರೆ. ಅವೆರಡಕ್ಕೂ ಇಲ್ಲಿಂದ ನಡೆದೇ ಹೋಗಬಹುದು. ಒಂದು ಗಂಟೆ ಈ ಕೆಥೆಡ್ರಲ್ಲಿಗೂ ಕೊಡಿ. ಗೋಡೆಯ ಮೇಲಿನ ಗವರ್ನರ್, ಕ್ಯಾಪ್ಟನ್, ಬಿಷಪ್ಪರ ಹೆಸರುಗಳನ್ನು ಓದುವಾಗ ಗಂಗಾಮೂಲದ ರಮಾಬಾಯಿಯನ್ನೂ ನೆನೆಯಿರಿ. ಪೀಠದ ಮುಂದೆ ತಲೆತಗ್ಗಿಸದೆ, ನಂಬಿಕೆಯನ್ನೂ ಬಿಡದೆ ಬಾಳಿದ ಆಕೆಯೂ ಈ ಸಭೆಯ ಮುಂದಾಳುಗಳಲ್ಲಿ ಒಬ್ಬರು ಎಂದೇ ನಾನು ಎಣಿಸುತ್ತೇನೆ.