ಎಸ್.ಎಸ್. ಬಡಾವಣೆಯಿಂದ ಹರಿಹರದ ಹೊಳೆಯವರೆಗೆ

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಬೆಳಗಿನ ಆರು ಗಂಟೆಗೆ ರಸ್ತೆಗಿಳಿದರೆ ಎರಡು ಬಗೆಯ ಜನ ಎದುರಾಗುತ್ತಾರೆ. ಒಂದು, ನನ್ನ ಹಾಗೆ ಸಕ್ಕರೆ ಕಾಯಿಲೆಗೆ ಹೆದರಿ ಬಿರುಸಾಗಿ ಹೆಜ್ಜೆ ಹಾಕುವವರು. ಇನ್ನೊಂದು, ಬೆನ್ನಿಗೆ ಚೀಲ ಏರಿಸಿಕೊಂಡು ಟ್ಯೂಷನ್ನಿಗೆ ಓಡುವ ಹುಡುಗ ಹುಡುಗಿಯರು. ಅವರಲ್ಲಿ ಅರ್ಧದಷ್ಟು ಮಂದಿ ಡಾಕ್ಟರಾಗಲು ಹೊರಟವರೇ. 1965ರಲ್ಲೇ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಕಂಡ ಊರಿದು. ಇಲ್ಲಿನ ತಂದೆ ತಾಯಿಯರಿಗೆ ಬೆಣ್ಣೆ ದೋಸೆ ಎಷ್ಟು ಪರಿಚಯವೋ ಬಿಳಿ ಕೋಟಿನ ಕನಸೂ ಅಷ್ಟೇ ಪರಿಚಯ.

ಅಂಥ ಹುಡುಗರಲ್ಲೊಬ್ಬ 2025ರ ಜುಲೈ ತಿಂಗಳಲ್ಲಿ ನನ್ನನ್ನು ದಾರಿಯಲ್ಲೇ ತಡೆದು ಕೇಳಿದ: ‘ಸರ್, ಅಮೆರಿಕದವರು ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿದರಂತೆ. ಆಫ್ರಿಕಾದ ಆಸ್ಪತ್ರೆಗಳಿಗೆ ಔಷಧಿಗೆ ತೊಂದರೆಯಾಗಿದೆಯಂತೆ. ನಮ್ಮ ಕಡೆಯ ಆಸ್ಪತ್ರೆಗಳಿಗೂ ಯಾವಾಗಲಾದರೂ ಹೊರದೇಶದ ಹಣ ಬಂದಿತ್ತೇ?’

ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಮಾತ್ರ ಒಂದು ಭಾನುವಾರವೇ ಬೇಕಾಯಿತು. ನಾಲ್ವರು ವಿದ್ಯಾರ್ಥಿಗಳು, ಅವರಲ್ಲಿ ಇಬ್ಬರ ತಂದೆಯರು ಮತ್ತು ನಾನು, ಬಡಾವಣೆಯಿಂದ ಹೊರಟು ಹರಿಹರದ ಹೊಳೆಯ ದಂಡೆಯವರೆಗೆ ಹೋಗಿ ಬಂದೆವು.

ಮೊದಲ ನಿಲ್ದಾಣ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಚಿಗಟೇರಿ ಎಂಬುದು ಹರಪನಹಳ್ಳಿ ತಾಲ್ಲೂಕಿನ ಒಂದು ಊರಿನ ಹೆಸರು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಆ ಹೆಸರು ಹೇಳಿದರೆ ಜನರಿಗೆ ನೆನಪಾಗುವುದು ಈ ಆಸ್ಪತ್ರೆಯೇ. ಭಾನುವಾರವಾದರೂ ಗೇಟಿನ ಬಳಿ ಬುತ್ತಿಯ ಗಂಟು ಹಿಡಿದ ಹೆಂಗಸರು, ಟವೆಲು ಹಾಸಿ ಮಲಗಿದ ಮುದುಕರು. ಜಗಳೂರಿನವರು, ಚನ್ನಗಿರಿಯವರು, ಹೊನ್ನಾಳಿಯವರು. ‘ಇಷ್ಟು ಜನಕ್ಕೆ ಯಾರು ದುಡ್ಡು ಕೊಡುತ್ತಾರೆ ಸರ್?’ ಎಂದಳು ಒಬ್ಬ ಹುಡುಗಿ. ‘ನಿಮ್ಮಪ್ಪ, ನಾನು, ಆ ಟವೆಲಿನ ಮೇಲೆ ಮಲಗಿದ ಅಜ್ಜ, ಎಲ್ಲರೂ’ ಎಂದೆ. ಬೆಂಕಿಪೊಟ್ಟಣ ಕೊಂಡವನೂ ತೆರಿಗೆ ಕೊಟ್ಟವನೇ. ಹೊರಗಿನ ಹಣದ ಕತೆ ಈ ಹಣದ ಪಕ್ಕದಲ್ಲಿ ಬರುತ್ತದೆ, ಅದರ ಬದಲಿಗಲ್ಲ.

ಅಲ್ಲಿ ನಿಂತಾಗ ನನಗೆ ಬೇರೊಂದು ಊರಿನ, ಬೇರೊಂದು ಆಸ್ಪತ್ರೆ ನೆನಪಾಯಿತು. 1988ರಲ್ಲಿ ನಾನು ಪಿಯುಸಿ ವಿದ್ಯಾರ್ಥಿ. ಅಪ್ಪನಿಗೆ ಎರಡು ತಿಂಗಳಿಂದ ಬಿಡದ ಕೆಮ್ಮು. ಆಸ್ಪತ್ರೆಯ ಒಂದು ಕೋಣೆಯಲ್ಲಿ ಹೊರದೇಶದಿಂದ ಬಂದ ಎಕ್ಸ್‌ರೇ ಯಂತ್ರವಿತ್ತು. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ಧೂಳು. ‘ಪಾರ್ಟ್ ಬರಬೇಕು’ ಎಂದರು. ಯಾವಾಗ ಬರುತ್ತದೆ ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅಪ್ಪ ಗೋಡೆಗೊರಗಿ ಕುಳಿತುಬಿಟ್ಟರು. ಅಷ್ಟರಲ್ಲಿ ಅದೇ ಕಾರಿಡಾರಿನ ಕೊನೆಯಿಂದ ಲ್ಯಾಬೊರೇಟರಿಯ ತಂತ್ರಜ್ಞರು ಬಂದು, ಒಂದು ಪುಟ್ಟ ಡಬ್ಬಿ ಕೊಟ್ಟು, ‘ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ತನ್ನಿ’ ಎಂದರು. ಮಾರನೆಯ ದಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕ್ರಿಮಿಗಳು ಕಂಡವು. ಮಾತ್ರೆಗಳು ಪುಕ್ಕಟೆ ಸಿಕ್ಕವು. ಅಪ್ಪ ಅದಾದ ಮೇಲೆ ಇಪ್ಪತ್ತು ವರ್ಷ ಬದುಕಿದರು.

ಆ ಕಫ ಪರೀಕ್ಷೆಯ ಹಿಂದೆಯೂ ಹೊರಗಿನ ನೆರವಿನ ಕತೆಯಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ನಮ್ಮ ಪಿ.ಬಿ. ರಸ್ತೆ ಹಿಡಿದು ಬೆಂಗಳೂರಿನ ಕಡೆ ಹೋದರೆ ತುಮಕೂರು ಸಿಗುತ್ತದೆಯಲ್ಲ, ಕತೆ ನಡೆದದ್ದು ಆ ಜಿಲ್ಲೆಯಲ್ಲಿ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ನೆರವಿನೊಂದಿಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳ ನಡವಳಿಕೆಯ ಅಧ್ಯಯನ ನಡೆಸಿ 1963ರಲ್ಲಿ ಅದನ್ನು ಪ್ರಕಟಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಅವರನ್ನು ಮನೆಮನೆಗೆ ಹೋಗಿ ಹುಡುಕಬೇಕು ಎಂದು ಪಟ್ಟಣದವರು ತಿಳಿದಿದ್ದರು. ಅಧ್ಯಯನ ಹೇಳಿದ್ದೇ ಬೇರೆ. ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಆದರೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ ಮಾತ್ರ! ಹಾಗಾದರೆ ಬೇಕಾದದ್ದು ದೊಡ್ಡ ಯಂತ್ರವಲ್ಲ. ಹಳ್ಳಿಗೆ ಹತ್ತಿರದ ಆಸ್ಪತ್ರೆಯಲ್ಲಿ ಒಂದು ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲ ಒಬ್ಬ ಮನುಷ್ಯ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತದ್ದು ಇಂಥ ವಿಚಾರದ ಮೇಲೆಯೇ.

ಹೀಗೆ ನನ್ನ ಅಪ್ಪನ ಪಾಲಿಗೆ ನೆರವು ಒಂದೇ ಕಾರಿಡಾರಿನಲ್ಲಿ ಎರಡು ರೂಪದಲ್ಲಿ ಎದುರಾಗಿತ್ತು. ಯಂತ್ರವಾಗಿ ಬಂದದ್ದು ಕೆಟ್ಟು ನಿಂತಿತ್ತು. ಕಲಿಕೆಯಾಗಿ ಬಂದದ್ದು ಕೆಲಸ ಮಾಡಿತು.

ಹರಿಹರದ ಬಸ್ಸು ಹಿಡಿದೆವು. ಹದಿನಾಲ್ಕು ಕಿಲೋಮೀಟರ್ ದಾರಿ. ಬಾತಿ ಕೆರೆ, ಬಾತಿ ಗುಡ್ಡ ದಾಟಿದ ಮೇಲೆ ಭದ್ರಾ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಈ ಸೀಮೆಯ ಒಂದು ಹಳ್ಳಿಯಲ್ಲೇ ನಾನು ಹುಟ್ಟಿದ್ದು. ಆಗ ಇದು ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು.

ನನಗಿಂತ ಮೊದಲು ಅಮ್ಮನಿಗೆ ಒಂದು ಗಂಡು ಮಗು ಹುಟ್ಟಿತ್ತು. ಎಂಟನೆಯ ದಿನ ತೀರಿಕೊಂಡಿತು. ಬಾಯಿ ಬಿಗಿಯಿತು, ಮೊಲೆ ಹಿಡಿಯಲಿಲ್ಲ, ಮೈ ಬಿಲ್ಲಿನಂತೆ ಬಾಗಿತು ಎಂದು ಅಮ್ಮ ಹೇಳುತ್ತಿದ್ದಳು. ಊರವರು ಗ್ರಹಚಾರ ಎಂದರು. ವಿಜ್ಞಾನದ ಪುಸ್ತಕದಲ್ಲಿ ಅದರ ಹೆಸರು ಧನುರ್ವಾಯು. ಮಣ್ಣು, ಸಗಣಿಯಲ್ಲಿರುವ ಸೂಕ್ಷ್ಮಾಣುವಿನ ಬೀಜಕಣಗಳು, ಹೊಕ್ಕುಳಬಳ್ಳಿ ಕತ್ತರಿಸಿದ ಕುಡುಗೋಲಿನ ಮೂಲಕವೋ ಹಚ್ಚಿದ ಬೂದಿಯ ಮೂಲಕವೋ ಒಳಸೇರುತ್ತವೆ. ಅವು ಉತ್ಪಾದಿಸುವ ವಿಷ ನರಗಳನ್ನು ಹಿಡಿದು ಸ್ನಾಯುಗಳನ್ನು ಬಿಗಿಯುತ್ತದೆ. ತಾಯಿಗೆ ಬಸುರಿನಲ್ಲಿ ಕೊಡುವ ಚುಚ್ಚುಮದ್ದು ಮತ್ತು ಕುದಿಸಿದ ಬ್ಲೇಡು, ಇವೆರಡಿದ್ದರೆ ಮಗು ಉಳಿಯುತ್ತದೆ.

1978ರಲ್ಲಿ ನನ್ನ ತಂಗಿ ಹುಟ್ಟುವ ಹೊತ್ತಿಗೆ ನಮ್ಮೂರಿನಲ್ಲಿ ಇವೆರಡೂ ಇದ್ದವು. ಊರ ಹೊರಗೆ ಹೆಂಚಿನ ಸಣ್ಣ ಕಟ್ಟಡ, ಅದರಲ್ಲೇ ವಾಸವಿದ್ದ ಒಬ್ಬ ಎಎನ್‌ಎಂ. ನಾವೆಲ್ಲ ಅವರನ್ನು ‘ನರ್ಸಮ್ಮ’ ಎನ್ನುತ್ತಿದ್ದೆವು. ರಾತ್ರಿ ಎರಡು ಗಂಟೆಗೆ ಅಪ್ಪ ಲಾಟೀನು ಹಿಡಿದು ಹೋಗಿ ಬಾಗಿಲು ತಟ್ಟಿದರೆ ಅವರು ಎದ್ದು ಬಂದರು. ಆ ಎಂಟು ದಿನ ಅಮ್ಮ ನಿದ್ದೆ ಮಾಡಲಿಲ್ಲವಂತೆ. ಒಂಬತ್ತನೆಯ ದಿನ ಬೆಳಿಗ್ಗೆ ತಂಗಿ ಜೋರಾಗಿ ಅತ್ತಾಗ ಅಮ್ಮನೂ ಅತ್ತಳಂತೆ.

ಆ ಹೆಂಚಿನ ಕಟ್ಟಡದ ಕತೆ ಇಷ್ಟು. 1973ರಿಂದ 1980ರವರೆಗೆ ‘ಭಾರತ ಜನಸಂಖ್ಯಾ ಯೋಜನೆ’ ಎಂಬುದು ನಡೆಯಿತು. ವಿಶ್ವಬ್ಯಾಂಕಿನ ಐಡಿಎ ಅಂಗದಿಂದ 2.12 ಕೋಟಿ ಡಾಲರ್ ಸಾಲ, ಸ್ವೀಡನ್ ದೇಶದಿಂದ 1.06 ಕೋಟಿ ಡಾಲರ್ ನೆರವು. ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಿಗೂ, ಕರ್ನಾಟಕದಲ್ಲಿ ಬೆಂಗಳೂರು ವಿಭಾಗದ ಬೆಂಗಳೂರು, ಕೋಲಾರ, ತುಮಕೂರು, ಚಿತ್ರದುರ್ಗ, ಶಿವಮೊಗ್ಗ ಜಿಲ್ಲೆಗಳಿಗೂ ಈ ಹಣ ಬಂತು. ಆರೋಗ್ಯ ಕೇಂದ್ರ, ಉಪಕೇಂದ್ರ, ನರ್ಸಮ್ಮಂದಿರ ವಸತಿ, ತರಬೇತಿ ಶಾಲೆಗಳಿಗೆ ಅದು ಬಳಕೆಯಾಯಿತು.

ಹೆಸರು ಗಮನಿಸಿ. ಅದು ‘ಆರೋಗ್ಯ’ ಯೋಜನೆಯಲ್ಲ, ‘ಜನಸಂಖ್ಯಾ’ ಯೋಜನೆ. ಹಣ ಕೊಟ್ಟವರಿಗೂ, ಪಡೆದ ದಿಲ್ಲಿಗೂ ಇದ್ದ ಆತುರ ಹುಟ್ಟುವ ಮಕ್ಕಳ ಸಂಖ್ಯೆ ಇಳಿಸುವುದು. ತುರ್ತು ಪರಿಸ್ಥಿತಿಯ 1975-77ರ ಕಾಲದಲ್ಲಿ ಈ ಆತುರ ದೇಶದ ಹಲವೆಡೆ ಬಲವಂತದ ಶಸ್ತ್ರಚಿಕಿತ್ಸೆಯ ತನಕ ಹೋಯಿತು. ಕೊಡುವವನ ಮನಸ್ಸಿನಲ್ಲಿ ಏನೋ ಒಂದು ಇರುತ್ತದೆ, ಪಡೆಯುವವನ ಮನೆಯಲ್ಲಿ ಇನ್ನೇನೋ ಅಗತ್ಯವಿರುತ್ತದೆ. ನಮ್ಮಮ್ಮನಿಗೆ ಬೇಕಾಗಿದ್ದದ್ದು ಹುಟ್ಟಿದ ಮಗು ಉಳಿಯುವುದು. ಪುಣ್ಯಕ್ಕೆ ಆ ರಾತ್ರಿ ಎರಡೂ ಒಂದೇ ಬಾಗಿಲಿನಲ್ಲಿ ಕೂಡಿದವು. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ ಸುದ್ದಿ ಓದಿದಾಗ ಅಮ್ಮನಿಗೆ ಫೋನು ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಡವಾಯಿತು’ ಎಂದಳು.

‘ಸಾಲ ಎಂದರೆ ವಾಪಸು ಕೊಡಬೇಕಲ್ಲವೇ ಸರ್?’ ಎಂದ ಪ್ರಶ್ನೆ ಶುರು ಮಾಡಿದ ಹುಡುಗ. ಅವನು ಗಣಿತದಲ್ಲಿ ಗಟ್ಟಿಗ. ಬಸ್ಸಿನಲ್ಲೇ ಲೆಕ್ಕ ಹಾಕಿದೆವು. ಐಡಿಎ ಸಾಲ ಎಂದರೆ ಬಡ ದೇಶಗಳಿಗೆ ಕೊಡುವ ಮೃದು ಸಾಲ. ಆಗಿನ ಷರತ್ತಿನಂತೆ ಮೊದಲ ಹತ್ತು ವರ್ಷ ಅಸಲಿನ ಕಂತಿಲ್ಲ. ಒಟ್ಟು ಅವಧಿ 50 ವರ್ಷ. ಬಡ್ಡಿಯ ಬದಲು ನೂರಕ್ಕೆ ಮುಕ್ಕಾಲರಷ್ಟು ಸೇವಾಶುಲ್ಕ. ಆದರೆ ತೀರಿಸುವುದು ಡಾಲರಿನಲ್ಲಿ. 1973ರಲ್ಲಿ ಡಾಲರಿಗೆ ಎಂಟು ರೂಪಾಯಿಗೂ ಕಡಿಮೆ. ಐವತ್ತು ವರ್ಷದ ನಂತರ ಎಂಬತ್ತಕ್ಕೂ ಹೆಚ್ಚು. ನಾನು ಮೂರು ವರ್ಷದ ಮಗುವಾಗಿದ್ದಾಗ ಮಾಡಿದ ಸಾಲದ ಕೊನೆಯ ಕಂತಿನ ಹೊತ್ತಿಗೆ ನನ್ನ ತಲೆ ನರೆತಿರುತ್ತದೆ! ಹಾಗಾಗಿ ಆ ಕಟ್ಟಡವನ್ನು ಪರದೇಶದವರ ದಾನ ಎಂದು ಪೂರ್ತಿಯಾಗಿ ಕರೆಯಲಾಗದು. ಸ್ವೀಡನ್ನಿನ ಪಾಲು ದಾನ, ಬ್ಯಾಂಕಿನ ಪಾಲು ನಮ್ಮದೇ ಮುಂದಿನ ದುಡಿಮೆ.

ಹರಿಹರದಲ್ಲಿ ಇಳಿದು ಮೊದಲು ಹರಿಹರೇಶ್ವರನ ಗುಡಿಗೆ ಹೋದೆವು. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವ 1224ರ ಸುಮಾರಿನಲ್ಲಿ ಕಟ್ಟಿಸಿದ ದೇಗುಲ. ಒಂದೇ ಮೂರ್ತಿ, ಬಲಕ್ಕೆ ಹರ, ಎಡಕ್ಕೆ ಹರಿ. ಅಲ್ಲಿಂದ ಹೊಳೆಗೆ ನಾಲ್ಕು ಹೆಜ್ಜೆ.

ತುಂಗಭದ್ರೆ ಹಿಂದೆ ಮೈಸೂರು ಸಂಸ್ಥಾನಕ್ಕೂ ಮುಂಬೈ ಪ್ರಾಂತಕ್ಕೂ ಗಡಿ. ಇಂದಿಗೂ ಈ ದಡ ದಾವಣಗೆರೆ ಜಿಲ್ಲೆ, ಆ ದಡ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಈ ಗೆರೆಗೆ ಆರೋಗ್ಯದ ಇತಿಹಾಸದಲ್ಲೂ ಒಂದು ಪಾಠವಿದೆ.

1996ರಿಂದ 2004ರವರೆಗೆ ವಿಶ್ವಬ್ಯಾಂಕಿನ 35 ಕೋಟಿ ಡಾಲರ್ ಸಾಲದಲ್ಲಿ ಕರ್ನಾಟಕ, ಪಂಜಾಬ್, ಪಶ್ಚಿಮ ಬಂಗಾಳಗಳ ಜಿಲ್ಲಾ, ತಾಲ್ಲೂಕು ಮಟ್ಟದ ಆಸ್ಪತ್ರೆಗಳ ಸುಧಾರಣೆ ನಡೆಯಿತು. ನಮ್ಮಲ್ಲಿ ಕಲಬುರ್ಗಿ ವಿಭಾಗದ ಆಸ್ಪತ್ರೆಗಳಿಗೆ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕು ನೆರವಾಯಿತು. 2006ರಲ್ಲಿ ವಿಶ್ವಬ್ಯಾಂಕಿನ ಇನ್ನೊಂದು ಯೋಜನೆ ಬಂತು. ಅದರ ಬೆಂಬಲದೊಂದಿಗೆ 2010ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ‘ವಾಜಪೇಯಿ ಆರೋಗ್ಯಶ್ರೀ’ ಆರಂಭಿಸಿತು. ಬಡತನ ರೇಖೆಯ ಕೆಳಗಿನವರಿಗೆ ಹೃದ್ರೋಗ, ಕ್ಯಾನ್ಸರ್, ಸುಟ್ಟಗಾಯದಂಥ ದೊಡ್ಡ ಕಾಯಿಲೆಗಳಿಗೆ ಪುಕ್ಕಟೆ ಚಿಕಿತ್ಸೆ. ಈ ಬಾರಿ ಹಣ ಗೋಡೆಗಲ್ಲ, ರೋಗಿಯ ಹೆಸರಿಗೆ ಹೋಯಿತು.

ಯೋಜನೆ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಯಿತು, ದಕ್ಷಿಣಕ್ಕೆ 2012ರವರೆಗೂ ಇರಲಿಲ್ಲ. ಅಂದರೆ ಕೆಲಕಾಲ ಹೊಳೆಯ ಆ ದಡದವನಿಗೆ ಇತ್ತು, ಈ ದಡದವನಿಗೆ ಇರಲಿಲ್ಲ. ಸಂಶೋಧಕರು ಉತ್ತರ ದಕ್ಷಿಣಗಳ ಈ ಗಡಿಯ ಆಚೀಚೆಯ 572 ಹಳ್ಳಿಗಳನ್ನು ಹೋಲಿಸಿ, 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸತ್ತವರ ಪ್ರಮಾಣ ಯೋಜನೆಯಿದ್ದ ಹಳ್ಳಿಗಳಲ್ಲಿ ನೂರಕ್ಕೆ 0.32, ಇಲ್ಲದ ಹಳ್ಳಿಗಳಲ್ಲಿ 0.90. ಒಂದೇ ಮಳೆ, ಒಂದೇ ಊಟ, ಒಂದೇ ಮಾತು. ವ್ಯತ್ಯಾಸ ಒಂದು ಕಾರ್ಡಿನದು. 2018ರಲ್ಲಿ ಈ ಯೋಜನೆ ‘ಆರೋಗ್ಯ ಕರ್ನಾಟಕ’ದಲ್ಲಿ ಸೇರಿತು.

ಹೊಳೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ಉಪ್ಪಿಟ್ಟು ನೋಡಿ ನನಗೆ ನಗು ಬಂತು. ನಮ್ಮ ಪ್ರಾಥಮಿಕ ಶಾಲೆಯಲ್ಲಿ ಅಮೆರಿಕದ ‘ಕೇರ್’ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಮುತ್ತುಗದ ಎಲೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ನಮಗೆ ಅದು ಸಾಲವೋ ದಾನವೋ ಗೊತ್ತಿರಲಿಲ್ಲ, ಹಸಿವು ಗೊತ್ತಿತ್ತು. ಇಂದು ಶಾಲೆಯ ಬಿಸಿಯೂಟ ನಮ್ಮ ಗದ್ದೆಯ ಅಕ್ಕಿಯದು.

ಹಾಗೆಯೇ ದೇಶವೂ ಬದಲಾಗಿದೆ. 2003ರಲ್ಲಿ ಭಾರತ ಕೆಲವೇ ದೇಶಗಳನ್ನು ಬಿಟ್ಟು ಉಳಿದವುಗಳಿಂದ ಸರ್ಕಾರಿ ನೆರವು ಬೇಡವೆಂದಿತು. 2014ರಲ್ಲಿ ಐಡಿಎಯ ಬಡ ದೇಶಗಳ ಪಟ್ಟಿಯಿಂದ ತೇರ್ಗಡೆಯಾಯಿತು. 2021ರಲ್ಲಿ ಹಲವು ದೇಶಗಳಿಗೆ ತಾನೇ ಕೋವಿಡ್ ಲಸಿಕೆ ಕಳಿಸಿತು. ನಮ್ಮ ಒಟ್ಟು ಆರೋಗ್ಯ ವೆಚ್ಚದಲ್ಲಿ ಹೊರಗಿನ ನೆರವಿನ ಪಾಲು ತೀರಾ ಚಿಕ್ಕದು. ಹಿಗ್ಗುವ ಮೊದಲು ಇನ್ನೊಂದು ಅಂಕಿ ನೋಡಿ: 2021-22ರಲ್ಲಿ ಆ ವೆಚ್ಚದ ನೂರಕ್ಕೆ 39.4 ಭಾಗವನ್ನು ಜನ ತಮ್ಮ ಜೇಬಿನಿಂದ ತೆತ್ತರು. 2013-14ರಲ್ಲಿ ಅದು 64.2 ಇತ್ತು. ಇಳಿದಿದೆ, ಆದರೂ ಆ ಟವೆಲಿನ ಅಜ್ಜನಿಗೆ ಇಂದಿಗೂ ಭಾರವೇ.

ಒಬ್ಬ ತಂದೆ ಕೇಳಿದರು: ‘ಹಾಗಾದರೆ ನೆರವು ಒಳ್ಳೆಯದೋ ಕೆಟ್ಟದ್ದೋ ಮೇಷ್ಟ್ರೇ?’ ನನಗೆ ತೋಚಿದ್ದು ಇಷ್ಟೇ. ನೆರವು ಬಿತ್ತನೆ ಬೀಜದ ಹಾಗೆ. ಬೀಜ ಕೊಟ್ಟವನು ಕಳೆ ಕೀಳಲು ಬರುವುದಿಲ್ಲ. ಯೋಜನೆಗೆ ಮುಗಿಯುವ ತಾರೀಕಿರುತ್ತದೆ, ಕಾಯಿಲೆಗೆ ಇರುವುದಿಲ್ಲ. ಯಂತ್ರಕ್ಕೆ ಪಾರ್ಟ್ ತರುವುದು, ನರ್ಸಮ್ಮನ ಸಂಬಳ ತಿಂಗಳು ತಿಂಗಳು ಕೊಡುವುದು, ಖಾಲಿ ಹುದ್ದೆ ತುಂಬುವುದು, ಇವು ನಮ್ಮ ಬಜೆಟ್ಟಿನ ಕೆಲಸ. ಇವನ್ನು ಮಾಡಿದ ಕಡೆ ನೆರವು ಉಳಿಯಿತು, ಮಾಡದ ಕಡೆ ಧೂಳು ಹಿಡಿಯಿತು.

ಸಂಜೆ ಬಡಾವಣೆಗೆ ಮರಳಿದಾಗ ಬೀದಿದೀಪ ಹತ್ತಿತ್ತು. ಹುಡುಗರಿಗೆ ಒಂದು ಮನೆಗೆಲಸ ಕೊಟ್ಟೆ. ಓದುಗ ತಂದೆ ತಾಯಿಯರೂ ಮಾಡಬಹುದು. ಮುಂದಿನ ಸಲ ಸರ್ಕಾರಿ ಆಸ್ಪತ್ರೆಗೆ ಹೋದಾಗ ಗೋಡೆಯ ಕಲ್ಲಿನ ಮೇಲೆ ಯಾರ ಹಣವೆಂದು ಬರೆದಿದೆಯೋ ಓದಿ. ಆಮೇಲೆ ಒಳಗೆ ಹೋಗಿ, ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ಯಾರು ಏಳುತ್ತಾರೆ ಎಂದು ವಿಚಾರಿಸಿ.