ಉಪವಿಧಿಯ ಒಂದು ಪದ

ಸಹಕಾರ ಸಂಘದ ಉಪವಿಧಿ, ಅಂದರೆ ರೂಢಿಯ ಮಾತಿನ ಬೈಲಾ, ಕಪಾಟಿನಲ್ಲಿಡುವ ಕಾಗದವೆಂದೇ ಬಹುಜನರ ಭಾವನೆ. ಮಹಾಸಭೆಯಲ್ಲಿ ಅದನ್ನು ಓದಲಾಗುತ್ತದೆ. ಸದಸ್ಯರು ಸರ್ವಾನುಮತವೆಂದು ಕೈಯೆತ್ತುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ. ಆದರೆ ಸಂಘದೊಳಗೆ ಯಾರು ಬರಬಹುದು, ಸಾಲ ಯಾರಿಗೆ ದೊರೆಯುತ್ತದೆ, ಲಾಭ ಹೇಗೆ ವಿನಿಯೋಗವಾಗುತ್ತದೆ ಎಂಬುದನ್ನು ನಿರ್ಧರಿಸುವುದು ಆ ಕಾಗದವೇ. ಸೂತ್ರದಲ್ಲಿ ಒಂದು ಪದ ಬದಲಾದರೆ ಅರ್ಥವೇ ಬದಲಾಗುವುದೆಂದು ಮಠದ ಪಾಠಶಾಲೆಯಲ್ಲಿ ನಾವು ಕಲಿತಿದ್ದೆವು. ಆ ಪಾಠ ಲೌಕಿಕದಲ್ಲಿಯೂ ಸತ್ಯವೆಂಬುದನ್ನು ಕಂಡದ್ದು ಸುಳ್ಯ ತಾಲೂಕಿನ ಕಲ್ಲುಗುಂಡಿಯಲ್ಲಿ.

ಪ್ರವಚನದ ನಿಮಿತ್ತ ನಾವು ಆ ಕಡೆಗೆ ಹೋಗಿದ್ದಾಗ, ಸುತ್ತಲಿನ ಕೆಲವು ಅಡಿಕೆ ಕೃಷಿಕರು ಹೊಸದೊಂದು ಸಂಘ ಕಟ್ಟುವ ಸಿದ್ಧತೆಯಲ್ಲಿದ್ದರು. ಕರಡು ಉಪವಿಧಿಯ ಭಾಷೆಯನ್ನು ನೋಡಿಕೊಡಬೇಕೆಂದು ನಮ್ಮನ್ನೂ ಕರೆದರು. 'ಪಹಣಿಯಲ್ಲಿ ಹೆಸರುಳ್ಳ ಕೃಷಿಕರು ಸದಸ್ಯರಾಗಬಹುದು' ಎಂಬ ವಾಕ್ಯವನ್ನು ಓದಿದಾಗ ಹಿಂದೆ ಕುಳಿತಿದ್ದ ವಿಧವೆಯೊಬ್ಬರು ಎದ್ದು ನಿಂತರು. "ತೋಟಕ್ಕೆ ಮದ್ದು ಬಿಡಿಸುವುದು ನಾನು, ಅಡಿಕೆ ಸುಲಿಸುವುದೂ ನಾನು. ಆರ್‌ಟಿಸಿ ಮಾತ್ರ ಮಾವನ ಹೆಸರಲ್ಲಿ ಉಂಟು. ಹಾಗಾದರೆ ನಾನು ಕೃಷಿಕಳು ಅಲ್ಲವಾ ಗುರುಗಳೇ?" ಎಂದು ಕೇಳಿದರು.

ಸಭೆ ಮೌನವಾಯಿತು. ಭೂಮಿಯ ಆಧಾರವಿಲ್ಲದವರಿಗೆ ಸಾಲ ಕೊಟ್ಟರೆ ಸಂಘ ಉಳಿಯುವುದೆಂತು ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಅದೂ ಅಲ್ಲಗಳೆಯಲಾಗದ ಮಾತೇ. ಆದರೆ ಸದಸ್ಯತ್ವ ಬೇರೆ, ಸಾಲದ ಭದ್ರತೆ ಬೇರೆ. ಎರಡಕ್ಕೂ ಪ್ರತ್ಯೇಕ ವಿಧಿಗಳಿರಬೇಕೆಂದು ನಾವು ಸೂಚಿಸಿದೆವು. ಬಹಳ ಹೊತ್ತಿನ ಚರ್ಚೆಯ ನಂತರ 'ಸ್ವಂತ ಭೂಮಿ ಉಳ್ಳವರು ಅಥವಾ ಕೃಷಿಯಲ್ಲಿ ತೊಡಗಿರುವವರು' ಎಂದು ತಿದ್ದುಪಡಿಯಾಯಿತು. ಆ 'ಅಥವಾ' ಎಂಬ ಒಂದು ಪದದಿಂದ ಆ ತಾಯಿಗೆ ಸಂಘದ ಬಾಗಿಲು ತೆರೆಯಿತು.

ಇದು ಸಹಕಾರದ ಮೂಲತತ್ತ್ವಕ್ಕೆ ಹೊಸದೇನೂ ಅಲ್ಲ. 1904ರ ಕಾಯಿದೆಯಂತೆ ಒಂದೇ ಊರಿನ ಹತ್ತು ಜನ ಸೇರಿ ಸಂಘ ಸ್ಥಾಪಿಸಬಹುದಿತ್ತು. ಗ್ರಾಮೀಣ ಸಂಘದ ಋಣಕ್ಕೆ ಸದಸ್ಯರೆಲ್ಲರೂ ಮಿತಿಯಿಲ್ಲದ ಹೊಣೆ ಹೊರುತ್ತಿದ್ದರು. ಆದ್ದರಿಂದ ಆಗಿನ ಮುಖ್ಯ ಆಧಾರ ಪರಸ್ಪರ ಪರಿಚಯ ಮತ್ತು ವಿಶ್ವಾಸ. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಕರಾವಳಿ ಜಿಲ್ಲೆಯಲ್ಲಿ ಆ ಕಾರ್ಯಕ್ಕೆ ಮೊಳಹಳ್ಳಿ ಶಿವರಾಯರು ಪುತ್ತೂರಿನಿಂದ ನಾಂದಿ ಹಾಡಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಅಲ್ಲಿಯೇ ಜನ್ಮ ತಳೆಯಿತು. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಉದಯಿಸಿತು.

2023ರಲ್ಲಿ ಕೇಂದ್ರ ಸರ್ಕಾರವು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಾಗಿ ಮಾದರಿ ಉಪವಿಧಿಗಳನ್ನು ರಾಜ್ಯಗಳಿಗೆ ಕಳುಹಿಸಿತು. ಸಾಲ ನೀಡಿಕೆಯಲ್ಲದೆ 25ಕ್ಕೂ ಹೆಚ್ಚು ಬಗೆಯ ಚಟುವಟಿಕೆಗಳಿಗೆ ಅದರಲ್ಲಿ ಅವಕಾಶವಿದೆ; ಮಹಿಳೆಯರಿಗೂ ಪರಿಶಿಷ್ಟರಿಗೂ ತಕ್ಕ ಪ್ರಾತಿನಿಧ್ಯವಿರಬೇಕೆಂಬ ಆಶಯವೂ ಇದೆ. ಮಾದರಿ ಒಳ್ಳೆಯದೇ. ಆದರೆ ಸಿದ್ಧ ಉಡುಪನ್ನೂ ಮೈಯ ಅಳತೆ ನೋಡಿ ತೊಡಬೇಕಷ್ಟೆ. ಕರ್ನಾಟಕದ 1959ರ ಕಾಯಿದೆಯಂತೆ, ಉಪವಿಧಿಯ ತಿದ್ದುಪಡಿ ಸಭೆಯಲ್ಲಿ ಅಂಗೀಕಾರವಾದರೆ ಸಾಲದು, ನಿಬಂಧಕರಲ್ಲಿ ನೋಂದಣಿಯೂ ಆಗಬೇಕು. ನೋಂದಣಿಯಾದ ತಪ್ಪನ್ನು ಮತ್ತೆ ತಿದ್ದಲು ಅದೇ ದಾರಿಯನ್ನು ಮೊದಲಿನಿಂದ ತುಳಿಯಬೇಕಾಗುತ್ತದೆ.

ಕಾಯಕಜೀವಿಗೆ ಸಮಾನ ಗೌರವ ಸಲ್ಲಬೇಕೆಂದು ನಂಬಿದ ಮನೆತನಗಳು ನಮ್ಮವು. ಆದಕಾರಣ ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟು: ತಮ್ಮ ಊರಿನ ಸಂಘದ ಉಪವಿಧಿಯ ಪ್ರತಿಯೊಂದನ್ನು ತರಿಸಿಕೊಳ್ಳಿರಿ. ಮನೆಯ ಹೆಣ್ಣುಮಕ್ಕಳ ಸಮಕ್ಷಮದಲ್ಲಿ ಅದನ್ನು ಗಟ್ಟಿಯಾಗಿ ಓದಿರಿ. ದುಡಿಯುವ ಯಾರ ಹೆಸರು ಅದರ ಹೊರಗೆ ಉಳಿದಿದೆ ಎಂದು ವಿಚಾರಿಸಿರಿ. ಕೈಯೆತ್ತುವುದು ಆಮೇಲೆ.